ಚಪ್ಪಲಿ ಬಿಟ್ಟು ಮುಟ್ಟುವ ಪರದೆ

೧೪ ಜೂನ್ ೨೦೨೫, ಶನಿವಾರ

ನಮ್ಮ ಕ್ಯುರೇಟರ್ ಅಶ್ವತ್ಥ್ ಸರ್ ಮೇಲಿನ ಸಿಟ್ಟು ಇನ್ನೂ ಇಳಿದಿಲ್ಲ. "ಜೋಯಾ, ನಿನ್ನ ಟಚ್ ಸ್ಕ್ರೀನ್ ಸೂಪರ್ ಹಿಟ್, ಬಂದೋರೆಲ್ಲಾ ಮುಟ್ತಿದ್ದಾರೆ" ಅಂತ ಬೀಗ್ತಾರೆ. ಹಿಟ್ ಅಲ್ಲ ಸರ್, ಅದು ದರ್ಶನ! ಯಲಹಂಕದ ನಮ್ಮ ಪುಟ್ಟ ಮ್ಯೂಸಿಯಂಗೆ ಬರೋರು ಚಪ್ಪಲಿ ಬಿಟ್ಟು, ಪರದೆ ಮೇಲಿರೋ ಅಮ್ಮನವರ ಹಿತ್ತಾಳೆ ಮುಖವಾಡ ಮುಟ್ಟಿ, ಕಣ್ಣಿಗೊತ್ಕೊಂಡು ಹೊರಟೇ ಹೋಗ್ತಾರೆ. ಉಳಿದ ನಾನೂರು ಹಳೇ ಸಾಮಾನಿನ ಚಿತ್ರ ಯಾರಿಗೂ ಬೇಡ. ಸೋಮವಾರ ಮ್ಯೂಸಿಯಂ ನಡೆಸೋ ಟ್ರಸ್ಟಿನವರು ಬಂದು ಇದನ್ನ ನೋಡಿದ್ರೆ ಪರದೆ ಗೋಡೆಯಿಂದ ಇಳಿಯುತ್ತೆ, ಅದರ ಜೊತೆ ನಾನೂ.

ಅದಕ್ಕೇ ಬೆಳಿಗ್ಗೆ ಒಂದು ಉಪಾಯ ಮಾಡಿದೆ. ಅಮ್ಮನವರನ್ನ ಮುಟ್ಟಿದ್ರೆ ಬೇರೆ ಹಿತ್ತಾಳೆ ಸಾಮಾನಿನ ಚಿತ್ರಾನೂ ಒಂದೊಂದಾಗಿ ತೆರೆಯೋ ಹಾಗೆ.

ಮಧ್ಯಾಹ್ನ ಕೋಗಿಲಿನ ಗೌರಮ್ಮಜ್ಜಿ ಬಂದ್ರು. ಅಮ್ಮನವರನ್ನ ಮುಟ್ಟಿ ಕಣ್ಣಿಗೊತ್ಕೊಂಡ್ರು. ದೀಪ ಬಂತು, ಅದನ್ನೂ ಒತ್ಕೊಂಡ್ರು. ಗಂಟೆ ಬಂತು, ಒತ್ಕೊಂಡ್ರು. ಆಮೇಲೆ ಎಲೆಅಡಿಕೆ ಉಗುಳೋ ಪೀಕದಾನಿ ಬಂತು. ಅಜ್ಜಿ ಕೈ ಗಾಳೀಲೇ ನಿಂತ್ಹೋಯ್ತು. ಯಾ ಅಲ್ಲಾ, ಅದೂ ಹಿತ್ತಾಳೇದೇ ಅಂತ ನಾನು ಯೋಚ್ನೇನೇ ಮಾಡಿರ್ಲಿಲ್ಲ.

"ಇದ್ನೂ ಮುಟ್ಬೇಕೇನವ್ವಾ?"

"ಬೇಡ ಅಜ್ಜಿ…"

ಬೈಸ್ಕೊಳ್ಳೋಕೆ ತಲೆ ತಗ್ಗಿಸಿ ನಿಂತೆ. ಅಜ್ಜಿ ಕನ್ನಡಕ ಸರಿ ಮಾಡ್ಕೊಂಡು ಬಗ್ಗಿ ನೋಡಿದ್ರು.

"ನಮ್ ಮಾವನೂ ಇಂತದ್ದೇ ಮಡಿಕ್ಕಂಡಿದ್ರು. ಎಲೆಅಡಿಕೆ ಹಾಕ್ಕಂಡು ಕೂತ್ರೆ ಗೋಡೆಯೆಲ್ಲಾ ಕೆಂಪು. ಒಂದಿನಾನೂ ಇದ್ರೊಳಕ್ಕೆ ಬೀಳ್ಲಿಲ್ಲ."

ಆಮೇಲೆ ಕುರ್ಚಿ ತರಿಸ್ಕೊಂಡು ಪರದೆ ಮುಂದೆ ಕೂತೇಬಿಟ್ರು.

"ಊಂ, ಮುಂದಿಂದು ತೋರ್ಸವ್ವ."