ನವೆಂಬರಿನ ನೀರು

ಏಪ್ರಿಲ್ 9, ಬೆಳಿಗ್ಗೆ

ಹಾಲು ಉಕ್ಕಿತು. ಒರೆಸಿದೆ. ಇವಳು ಕತ್ತಲಲ್ಲೇ ಎದ್ದು ಈಜುಕೊಳಕ್ಕೆ ಹೋಗಿಯಾಗಿತ್ತು. ಬೇಸಿಗೆ ಶಿಬಿರ. ಊರಿನ ಮಕ್ಕಳಿಗೆಲ್ಲ ಈಜು ಕಲಿಸುತ್ತಾಳೆ, ಮನೆಯ ಗಂಡನಿಗೆ ಮಾತ್ರ ಬಕೆಟ್ಟೇ ಗತಿ. ಸೊಂಟದ ಮೇಲೆ ನೀರು ಬಂದರೆ ನನಗೆ ಮರೆತ ದೇವರೆಲ್ಲ ನೆನಪಾಗುತ್ತಾರೆ.

ಬಂದವಳು ತಲೆ ಒರೆಸಿಕೊಳ್ಳುತ್ತಾ ಫೋನ್ ಮುಂದೆ ಹಿಡಿದಳು. ಮರುಭೂಮಿ ಮುಗಿದು ಸಮುದ್ರ ಶುರುವಾಗುವ ಒಂದು ಊರು. ಇತ್ತ ಬೋಳುಗುಡ್ಡ, ಅತ್ತ ನೀಲಿ. ನೀರೊಳಗೆ ಹವಳದ ಗೋಡೆ, ಮೀನಿನ ಜಾತ್ರೆ.

"ರೀ, ಶಿಬಿರ ಮುಗಿದ ಕೂಡ್ಲೇ ಹೋಗೋಣ. ಮೇ ಕೊನೆಗೆ. ಡೈವಿಂಗ್ ಕಲಿಸ್ತಾರಂತೆ. ಇಷ್ಟು ವರ್ಷ ಕೊಳದ ಟೈಲ್ಸ್ ನೋಡ್ಕೊಂಡೇ ಈಜಿದೀನಿ. ಒಂದ್ಸಲ ಮೀನು ನೋಡ್ತೀನಿ."

"ವಿಚಾರಿಸ್ತೀನಿ" ಅಂದೆ. ಬಸ್ ಡಿಪೋದಲ್ಲಿ ಟೈಮ್‌ಟೇಬಲ್ ಮಾಡುವವನು. ವಿಚಾರಿಸದೆ ಸ್ವರ್ಗಕ್ಕೂ ಬಸ್ ಬಿಡುವವನಲ್ಲ.

ಏಪ್ರಿಲ್ 13

ವಿಚಾರಿಸಿದೆ. ಮೇನಲ್ಲಿ ಆ ಊರು ಕಾದ ಬಾಣಲೆ. ನವೆಂಬರಿನಲ್ಲಿ ಗಾಳಿ ತಂಪು, ನೀರು ಕನ್ನಡಿ. ಹೋಟೆಲಿನವನಿಗೂ ಫೋನ್ ಮಾಡಿದೆ. "ಬೇಸಿಗೇಲೂ ಜನ ಬರ್ತಾರೆ ಸಾರ್. ನೀರೊಳಗೆ ಬಿಸಿಲೆಲ್ಲಿ?" ಅಂದ. ಅವನಿಗೆ ರೂಮು ತುಂಬಬೇಕು, ಅದಕ್ಕೇ ಹಾಗಂತಾನೆ.

ಮೇ ತಿಂಗಳ ಉರಿ, ಆತುರಗಾರರಿಗೆ ಸರಿ;
ನವೆಂಬರಿನ ತಂಪು, ಕಾದವರಿಗೇ ಸೊಂಪು.

ಬರೆದು ಇವಳಿಗೆ ಓದಿ ಹೇಳಿದೆ. "ನಿಮ್ಮ ಪ್ರಾಸಕ್ಕೋಸ್ಕರ ನಾನು ನವೆಂಬರ್ ತನಕ ಕಾಯ್ಕೊಂಡು ಕೂರ್ಬೇಕಾ?" ಅಂತ ನಕ್ಕಳು. ಆಮೇಲೆ, "ಸರಿ ಬಿಡಿ. ಟೈಮಿನ ವಿಷಯ ನಿಮಗೇ ಗೊತ್ತು."

ಗೆದ್ದೆ.

ಮೇ 28

ನಾದಿನಿ ಫೋನ್ ಮಾಡಿದ್ದಳು. "ಏನ್ ಭಾವ, ಅಕ್ಕನ್ನ ಇನ್ನೂ ಬಚ್ಚಲಲ್ಲೇ ಇಟ್ಟಿದೀರಂತೆ? ಸಮುದ್ರಕ್ಕೂ ಟೈಮ್‌ಟೇಬಲ್ ಹಾಕಿದ್ರಾ? ಅಲೆ ಲೇಟಾಗಿ ಬಂದ್ರೆ ಮೆಮೊ ಕೊಡ್ತೀರಾ?"

"ಕೊಡ್ತೀನಿ. ನಿನಗೂ ಒಂದು ಕಾಪಿ."

ಶಿಬಿರ ಮುಗಿದಿದೆ. ಇವಳು ಕಿಟಕಿ ಪರದೆಗಳನ್ನೆಲ್ಲ ಒಗೆದಳು. ಒಣಗಿಸುತ್ತಾ, "ಈ ಹೊತ್ತಿಗೆ ನೀರೊಳಗಿರ್ತಿದ್ದೆ" ಅಂದಳು. "ಬೆಂದಿರ್ತಿದ್ದೆ" ಅಂದೆ.

ಆಗಸ್ಟ್ 17

ಇವಳ ಕಿವಿ ಸೋರಿದೆ. ದಿಂಬಿನ ಮೇಲೆ ಕಲೆ. "ನೀರು ಹೋಗಿರುತ್ತೆ" ಅಂತ ಒಂಟಿಕಾಲಲ್ಲಿ ಕುಣಿದಳು. ಇಬ್ಬರೂ ನಕ್ಕೆವು. ಕಲೆ ಹೋಗಲಿಲ್ಲ.

ಆಗಸ್ಟ್ 30

ಕಿವಿಯ ಡಾಕ್ಟರಮ್ಮ ಒಳಗನ್ನೆಲ್ಲ ಪರದೆಯ ಮೇಲೆ ತೋರಿಸಿದರು. ತಮಟೆಯಲ್ಲಿ ತೂತು, ಹಿಂದಿನ ಮೂಳೆಗೂ ಸೋಂಕು. ಆಪರೇಷನ್ ಆಗಬೇಕು.

"ಕೇಳಿಸುತ್ತಮ್ಮ, ಸ್ವಲ್ಪ ಕಮ್ಮಿ, ಅಷ್ಟೇ. ಆದ್ರೆ ಇನ್ನು ತಲೆ ನೀರೊಳಗೆ ಹಾಕೋ ಹಾಗಿಲ್ಲ."

"ನವೆಂಬರಲ್ಲಿ ಡೈವಿಂಗ್‌ಗೆ ಅಂತ..."

"ಆಳಕ್ಕಾ? ಇನ್ನು ಯಾವತ್ತೂ ಇಲ್ಲ."

ಸುಮ್ಮನಿರಬಹುದಿತ್ತು. ಕೇಳಿದೆ. "ಮೇನಲ್ಲಿ ಹೋಗಿದ್ದಿದ್ರೆ?"

"ಆಗ ಚೆನ್ನಾಗೇ ಇತ್ತಲ್ಲ. ಹೋಗ್ಬರಬಹುದಿತ್ತು." ಹವಾಮಾನ ಹೇಳಿದ ಹಾಗೆ ಹೇಳಿ ಕೈ ತೊಳೆಯಲು ಎದ್ದರು.

ವಾಪಸು ಬರುವಾಗ ಬಸ್ಸಿನಲ್ಲಿ ಇವಳು ಕಿಟಕಿ ಪಕ್ಕ. ಬಯ್ಯಲಿ ಅಂತ ಕಾದೆ. ನಾಲ್ಕು ಜನರ ಮುಂದೆ ಬಯ್ದರೂ ಸರಿ. ಇವಳು ಹೊರಗೆ ನೋಡುತ್ತಾ, "ಬಸ್ಸು ಸರಿಯಾದ ಟೈಮಿಗೆ ಬಂತು ನೋಡಿ" ಅಂದಳು. ವ್ಯಂಗ್ಯವಿರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು.

ಸೆಪ್ಟೆಂಬರ್ 2

ಬರೆಯಲು ಕೂತೆ. ‘ಕಿವಿ’ಗೆ ಪ್ರಾಸಗಳು ಕರೆಯದೆಯೇ ಬಂದವು — ಸವಿ, ಕವಿ, ರವಿ. ಸಾಲಾಗಿ, ಹಲ್ಲು ಕಿರಿದುಕೊಂಡು. ಹೊಡೆದುಹಾಕಿದೆ.

ಸೆಪ್ಟೆಂಬರ್ 24

ಆಪರೇಷನ್ ಆಯಿತು. ತಲೆಗೆ ದೊಡ್ಡ ಕಟ್ಟು. "ಯುದ್ಧ ಗೆದ್ದು ಬಂದೆ" ಅಂತಾಳೆ.

ನವೆಂಬರಿಗೆ ಬುಕ್ ಮಾಡಿದ್ದ ಹೋಟೆಲ್ ಕ್ಯಾನ್ಸಲ್ ಮಾಡ್ತೀನಿ ಅಂದೆ.

"ಯಾಕೆ? ನೀವಿಳೀರಿ."

"ನಾನಾ? ನಾನು ಕೊಚ್ಚೆ ದಾಟೋಕೂ ಯಾರದ್ದಾದ್ರೂ ಭುಜ ಹಿಡ್ಕೊಳ್ಳೋನು ಕಣೇ."

"ಈಜು ಬರ್ದಿದ್ದೋರ್ನೂ ಇಳಿಸ್ತಾರಂತೆ. ಆದ್ರೆ ನನ್ನ ಗಂಡ ಅಕ್ಕಿಮೂಟೆ ಥರ ಇಳಿಯೋದು ನನಗೆ ಅವಮಾನ. ನಾನು ದಡದಲ್ಲಿ ನಿಂತು ಕಲಿಸ್ತೀನಿ. ನೀವು ನೋಡ್ಕೊಂಡು ಬಂದು ಹೇಳಿ. ಒಂದೂ ಬಿಡಬಾರ್ದು."

ಇಲ್ಲ ಅನ್ನಲು ಯಾವ ಮುಖ?

ಅಕ್ಟೋಬರ್ 30, ಸಂಜೆ

ಇವಳು ಈಜುಕೊಳದ ದಡದ ಮೇಲೆ, ಕಿವಿಗೆ ಹತ್ತಿ, ಕೈಯಲ್ಲಿ ಉದ್ದ ಕೋಲು. "ಉಸಿರು ಬಿಡ್ರೀ! ಪಿತ್ರಾರ್ಜಿತ ಆಸ್ತಿ ಥರ ಹಿಡ್ಕೊಂಡಿದೀರಲ್ಲ!"

ಪಕ್ಕದಲ್ಲೊಬ್ಬಳು ಪುಟ್ಟ ಹುಡುಗಿ: "ಮೇಡಂ, ಅಂಕಲ್ ಮುಳುಗ್ತಿದಾರೆ."

"ಇಲ್ಲಮ್ಮ, ಅವರ ಸ್ಟೈಲೇ ಅದು."

ಇವತ್ತು ಕೊಳದ ಅಗಲ ದಾಟಿದೆ. ಕೆಮ್ಮಿ, ಕಣ್ಣು ಒರೆಸಿಕೊಂಡು ನೋಡಿದರೆ — ಇವಳು ಅಂಚಿನಲ್ಲಿ ಕೂತು ಪಾದ ಮಾತ್ರ ನೀರಿಗಿಳಿಸಿದ್ದಾಳೆ. ಪಾದಗಳು ತಮ್ಮಷ್ಟಕ್ಕೆ ಈಜುತ್ತಿದ್ದವು. ನೋಡದವನಂತೆ ಮೂಗು ಒರೆಸಿಕೊಂಡೆ.

ನವೆಂಬರ್ 16

ಬಂದು ಸೇರಿದೆವು. ಗಾಳಿ ತಂಪು. ನೀರು ಕನ್ನಡಿ. ನಾನು ವಿಚಾರಿಸಿದ್ದು ಒಂದೂ ಸುಳ್ಳಾಗಿಲ್ಲ. ಸುಳ್ಳಾಗಿದ್ದರೆ ಯಾರನ್ನಾದರೂ ಬಯ್ಯಬಹುದಿತ್ತು.

"ಎಂಥಾ ಹವೆ ಅಲ್ವಾ? ನೀವು ಹೇಳಿದ್ದು ಸರಿ" ಅಂದಳು. ಚೀಲ ಬಿಚ್ಚುವ ನೆಪದಲ್ಲಿ ಒಳಗೆ ಬಂದೆ.

ನವೆಂಬರ್ 17, ಮಧ್ಯಾಹ್ನ

ಇಳಿದೆ.

ದಡದ ಮರದ ಕಟ್ಟೆಯ ಮೇಲೆ ಇವಳೇ ಮುಖದ ಕನ್ನಡಕದ ಪಟ್ಟಿ ಬಿಗಿದಳು. ಡೈವಿಂಗ್ ಮೇಷ್ಟ್ರು — ನರೆತ ಗಡ್ಡ, ಡೊಳ್ಳುಹೊಟ್ಟೆ — ಹಿಂದಿನಿಂದ ನನ್ನ ಬೆನ್ನಿನ ಸಿಲಿಂಡರ್ ಹಿಡಿದು ಇಳಿಸಿದರು, ಬೆಕ್ಕು ಮರಿಯನ್ನು ಕಚ್ಚಿಕೊಂಡು ಹೋಗುವ ಹಾಗೆ. ಕಿವಿ ಒತ್ತಿತು. ಹೇಳಿಕೊಟ್ಟಂತೆ ಮೂಗು ಹಿಡಿದು ಊದಿದೆ. ಟಪ್ ಅಂತ ಬಿಟ್ಟಿತು. ಗಟ್ಟಿ ಕಿವಿ ನನ್ನದು. ಯಾರಿಗೆ ಬೇಕಿತ್ತು?

ಸ್ವಲ್ಪ ದೂರ ಮರಳು. ಆಮೇಲೆ ನೆಲ ಮುಗಿಯಿತು. ಕೆಳಗೆ ಏನೂ ಇಲ್ಲ. ಬರೀ ಕಡುನೀಲಿ, ಕೆಳಕ್ಕೆ, ಇನ್ನೂ ಕೆಳಕ್ಕೆ.

ಕಣ್ಣು ಮುಚ್ಚಿದೆ.

ತೆರೆಯಲೇ ಇಲ್ಲ. ತೆರಿ, ಇವಳಿಗೋಸ್ಕರ ತೆರಿ ಅಂತ ಎಷ್ಟು ಹೇಳಿಕೊಂಡರೂ ರೆಪ್ಪೆ ಕೇಳಲಿಲ್ಲ. ಹಿಂದಿದ್ದ ಮೇಷ್ಟ್ರಿಗೆ ನನ್ನ ಮುಖ ಕಾಣದು. ಆಗಾಗ ತೋಳು ತಟ್ಟಿ ಇತ್ತ ತಿರುಗಿಸುವರು, ಅತ್ತ ತಿರುಗಿಸುವರು. ನಾನು ಗುಳ್ಳೆಗಳ ಸದ್ದು ಕೇಳುತ್ತಾ ಇದ್ದೆ.

ಮೇಲೆ ಬಂದ ಕೂಡಲೇ ಮೇಷ್ಟ್ರು, "ಅದೃಷ್ಟವಂತರು ಕಣ್ರೀ! ಆಮೆ ಮುಖದ ಹತ್ರಾನೇ ಬಂದಿತ್ತಲ್ಲ!"

ಕಟ್ಟೆಯ ಮೇಲಿಂದ ಇವಳು, "ಆಮೆನಾ?" ಕೂಗಿಯೇ ಬಿಟ್ಟಳು.

ಇವಳ ಮುಖ ನೋಡಿ, ಹೌದು ಅಂತ ತಲೆ ಆಡಿಸಿದೆ.

"ಈಗ ಹೇಳ್ಬೇಡಿ. ಸ್ನಾನ ಮಾಡಿ ಬನ್ನಿ. ಟೀ ಇಟ್ಕೊಂಡು ಕೂತು ಕೇಳ್ತೀನಿ. ಶುರುವಿಂದ."

ಸ್ನಾನ ಆಯಿತು. ಬಾಲ್ಕನಿಯಲ್ಲಿದ್ದಾಳೆ. ಕುರ್ಚಿಗಳನ್ನು ಎಳೆದ ಸದ್ದು. ಇಲ್ಲಿಂದ ಕಾಣುತ್ತಿದೆ — ನನ್ನದನ್ನು ತನ್ನ ಒಳ್ಳೆಯ ಕಿವಿಯ ಕಡೆಗೆ ಇಟ್ಟಿದ್ದಾಳೆ.

ಕತೆ ಕಟ್ಟಬಹುದು. ಆಮೆಗೆ ಪ್ರಾಸ ಹುಡುಕಬೇಕಾಗಿಯೂ ಇಲ್ಲ, ನಂಬುತ್ತಾಳೆ. ಸುಸ್ತು, ನಾಳೆ ಹೇಳ್ತೀನಿ ಅನ್ನಬಹುದು. ಆದರೆ ‘ನಾಳೆ’ ಅನ್ನುವ ಮಾತು ಈ ಬಾಯಿಂದ ಇನ್ನು ಹೊರಡಕೂಡದು.

"ರೀ, ಟೀ ಆರ್ತಿದೆ!"

ಎದ್ದೆ. ಹೋಗಿ ಕೂತು ಮೊದಲನೇ ಮಾತೇ ಹೇಳಿಬಿಡುತ್ತೇನೆ, ನೋಡು, ನಾನು ಕೆಳಗೆ ಕಣ್ಣೇ ತೆರೆಯಲಿಲ್ಲ ಅಂತ.