ರೇಡಿಯೇಟರ್ ಕುಡಿದ ನೀರು

ಭಾನುವಾರ, ತಿಂಡಿಗೆ ಮುಂಚೆ

ಮುದ್ದು ಮಗಳೇ,

ಕೈಯಲ್ಲಿ ಗ್ರೀಸ್ ಇದ್ದರೆ ಒರೆಸಿಕೊಂಡು ಓದು. ಅಪ್ಪನ ಸುದ್ದಿ ಬರೆಯಬೇಡ ಎಂದಿದ್ದೀಯ, ಆದರೂ ಬರೆಯುತ್ತೇನೆ. ಮಗಳು ಸ್ಪಾನರ್ ಹಿಡಿದಳೆಂದು ಎರಡು ವರ್ಷದಿಂದ ನಿನ್ನ ಗ್ಯಾರೇಜಿನ ಮೆಟ್ಟಿಲು ತುಳಿಯದ ಆ ಹಟಮಾರಿಯ ಕಳ್ಳತನ ಸಿಕ್ಕಿಬಿದ್ದಿದೆ.

ವಾರದಿಂದ ನನ್ನ ಗಿಡದ ನೀರಿನ ಕ್ಯಾನು ಬೆಳಗಾಗುವಷ್ಟರಲ್ಲಿ ಅರ್ಧ ಖಾಲಿ. ಗಿಡಗಳು ನೋಡಿದರೆ ಬಾಡಿವೆ. ಗುರುವಾರ ಬಾಗಿಲ ಸಂದಿಯಿಂದ ನೋಡುತ್ತೇನೆ, ಮಹಾನುಭಾವರು ಕಾರಿನ ಬಾನೆಟ್ ಎತ್ತಿ ರೇಡಿಯೇಟರಿಗೆ ನೀರು ಕುಡಿಸುತ್ತಿದ್ದಾರೆ! ಕೇಳಿದರೆ, ಬಿಸಿಲಿಗೆ ಆವಿಯಾಗುತ್ತದಂತೆ.

ನೀನು ಹಿಂದೊಮ್ಮೆ ಬರೆದದ್ದು ನೆನಪಾಯಿತು. ನೀರು ಇಳಿಯುತ್ತಿದ್ದರೂ ನೆಲದ ಮೇಲೆ ಹನಿಯೂ ಕಾಣದಿದ್ದರೆ, ಎಂಜಿನ್ನಿನೊಳಗಿನ ಆ ತೆಳು ತಗಡು, ಹೆಡ್ ಗ್ಯಾಸ್ಕೆಟ್, ಅದರ ಮೇಲೆ ಅನುಮಾನಪಡಬೇಕು ಎಂದಿದ್ದೆ. ರಾತ್ರಿ ಕಾರಿನಡಿ ಹಳೇ ಬೆಡ್‌ಶೀಟ್ ಹಾಸಿದೆ. ಬೆಳಿಗ್ಗೆ ಅದು ಹಪ್ಪಳದಂತೆ ಒಣಗಿತ್ತು. ಎಂಜಿನ್ ತಣ್ಣಗಿದ್ದಾಗಲೇ ಆಯಿಲ್ ಮುಚ್ಚಳ ಬಿಚ್ಚಿದೆ, ಒಳಗೆ ಆಯಿಲಿಗೆ ನೀರು ಸೇರಿ ಕಾಫಿ ನೊರೆಯಂಥ ಕೆನೆ. ಸ್ಟಾರ್ಟ್ ಮಾಡಿ ನೋಡಿದರೆ ಮಧ್ಯಾಹ್ನದ ಬಿಸಿಲಲ್ಲೂ ಹಿಂದಿನ ಕೊಳವೆಯಿಂದ ಬಿಳಿ ಹೊಗೆ, ಸಿಹಿ ವಾಸನೆ ಬೇರೆ. ಬಿಸಿ ತೋರಿಸುವ ಮೀಟರಿನ ಮುಳ್ಳು ಮಾತ್ರ ಇನ್ನೂ ಮೇಲೇರಿರಲಿಲ್ಲ. ಕೀಲಿ ಕಿತ್ತು ಪರ್ಸಿಗೆ ಹಾಕಿಕೊಂಡು, ಮೂಲೆಯ ಗ್ಯಾರೇಜಿನವನನ್ನು ಕರೆಸುತ್ತೇನೆ ಎಂದೆ. ಇವರು ಚಪ್ಪಲಿ ಮೆಟ್ಟಿಕೊಂಡು ಎಲ್ಲಿಗೋ ನಡೆದರು.

ಸಂಜೆ ಗ್ಯಾರೇಜಿನವನು ಬಂದು ನೋಡಿ, ಸಮಯಕ್ಕೆ ಸರಿಯಾಗಿ ಹಿಡಿದಿದ್ದೀರಿ, ಹೀಗೇ ಓಡಿಸಿದ್ದರೆ ಎಂಜಿನ್ನಿನ ಹೆಡ್ಡೇ ಸೊಟ್ಟಗಾಗುತ್ತಿತ್ತು ಎಂದ. ನನಗೆ ಎಷ್ಟು ಜಂಬ ಬಂತು ಗೊತ್ತಾ. ಆದರೆ ಈ ಕೆಲಸ ತನ್ನ ಕೈಲಾಗದು ಎಂದೂ ಹೇಳಿಬಿಟ್ಟ. ಆಗ ನಿಮ್ಮಪ್ಪ ಗೋಡೆ ನೋಡುತ್ತಾ ಬಾಯಿಬಿಟ್ಟರು:

"ಅವಳ ಹತ್ರಾನೇ ಕಳಿಸೋಣ. ಬೇರೆ ಯಾರೂ ಮುಟ್ಟೋದು ಬೇಡ."

ನಾನು ಅಡುಗೆಮನೆಗೆ ಹೋಗಿ ಖುಷಿಗೆ ಅತ್ತು ಬಂದೆ.

ಬುಧವಾರ ಟೋ ಲಾರಿಯಲ್ಲಿ ಕಾರು ಬರುತ್ತದೆ. ಡ್ರೈವರ್ ಪಕ್ಕದಲ್ಲಿ ಅಪ್ಪ, ಇಸ್ತ್ರಿ ಅಂಗಿ ಹಾಕಿಕೊಂಡು. ಹೇಗೆ ಬಂದಿರಿ ಎಂದು ಕೆಣಕಬೇಡ. ಒಂದು ಕುರ್ಚಿ ಕೊಟ್ಟು ಕೆಲಸ ಶುರುಮಾಡು, ನೋಡಲಿ.

ಇಂತಿ,
ಅರ್ಧ ಮೆಕ್ಯಾನಿಕ್ ಆಗಿರುವ ನಿನ್ನ ಅಮ್ಮ

ತಾ.ಕ.: ನಿನ್ನ ಹತ್ತಿರ ಮುಚ್ಚಿಟ್ಟರೆ ನನಗೆ ಅನ್ನ ಅರಗದು. ಕರೆಯಲು ಹೋದಾಗ, ಕೈಲಾಗದು ಎನ್ನು ಎಂದು ಗ್ಯಾರೇಜಿನವನಿಗೆ ಹೇಳಿಕೊಟ್ಟವಳು ನಾನೇ. ನಿನ್ನೆ ಥ್ಯಾಂಕ್ಸ್ ಹೇಳಲು ಹೋದರೆ ಅವನು ಬಿದ್ದು ಬಿದ್ದು ನಕ್ಕ. ನನಗಿಂತ ಅರ್ಧ ಗಂಟೆ ಮೊದಲೇ ನಿಮ್ಮಪ್ಪನೂ ಬಂದು ಅದೇ ಮಾತು ಹೇಳಿಕೊಟ್ಟು ಹೋಗಿದ್ದರಂತೆ.