ತಾರಸಿ ಮೇಲಿನ ಆಂಟೆನಾ

ಬಾಶೆಟ್ಟಿಹಳ್ಳಿ
ಭಾನುವಾರ

ಚಲಪತಿ ಮಾವನವರಿಗೆ ನಮಸ್ಕಾರ.

ನಿಮ್ಮ ಅಳಿಯನ ಪಾಠದ ಆ್ಯಪ್ ಒಂದನ್ನು ಬಿಟ್ಟು ಮಿಕ್ಕವನ್ನೆಲ್ಲ ನಾನು ಊರಿನ ಮನೆಗಳಿಗೆ ಕೊಡುವ ಇಂಟರ್‌ನೆಟ್‌ನಲ್ಲಿ ನಿಧಾನ ಮಾಡು ಎಂದಿರಿ. ಎಲ್ಲಕ್ಕೂ ಒಂದೇ ವೇಗ ಕೊಡಬೇಕೆಂದು ಲೈಸೆನ್ಸಿನಲ್ಲಿದೆ ಎಂದೆ. "ಆ ರೂಲ್ಸೆಲ್ಲ ದೊಡ್ಡ ಕಂಪನಿಯೋರ್ಗೆ ಕಣಮ್ಮ. ಮುನ್ನೂರು ಮನೆ ಲೈನ್ ಇಟ್ಕೊಂಡಿರೋಳ್ನ ಯಾರು ನೋಡ್ತಾರೆ?" ಎಂದು ನಕ್ಕಿರಿ. ಒಪ್ಪದಿದ್ದರೆ ನಿಮ್ಮ ತಾರಸಿ ಮೇಲಿರುವ ನನ್ನ ಆಂಟೆನಾ ಕಿತ್ತುಕೊಂಡು ಹೋಗು ಎಂದೂ ಹೇಳಿದಿರಿ.

ಆ ಮುನ್ನೂರು ಮನೆಯವರು ನೋಡುತ್ತಾರಲ್ಲ, ಮಾವ. ಶಿಫ್ಟು ಮುಗಿಸಿ ಬಂದು ಮಕ್ಕಳನ್ನು ಓದಲು ಕೂರಿಸುವವರು ಅವರೇ.

ಬುಧವಾರ ಬೆಳಿಗ್ಗೆ ಆಂಟೆನಾ ಇಳಿಸಲು ಬರುತ್ತೇನೆ, ಏಣಿ ಹೊರಗಿಟ್ಟಿರಿ. ನಿಮ್ಮ ಎದುರುಮನೆ ಲಕ್ಷ್ಮಯ್ಯನವರು ತಾರಸಿ ಕೊಟ್ಟಿದ್ದಾರೆ.

ಅಲ್ಲಿಂದಲೂ ನಿಮಗೆ ಲೈನ್ ಬರುತ್ತದೆ. ನಿಮ್ಮ ಅಳಿಯನ ಆ್ಯಪ್ ಮಿಕ್ಕವುಗಳಷ್ಟೇ ವೇಗವಾಗಿ ಓಡುತ್ತದೆ. ಎಷ್ಟೇ ಸಿಟ್ಟಿದ್ದರೂ ಅದನ್ನು ನಿಧಾನ ಮಾಡುವ ಹಕ್ಕೂ ನನಗಿಲ್ಲ.

ನಿಮ್ಮ ತಂಗಿಯ ಮಗಳು,
ಸಂಘಮಿತ್ರ